ಕೂಸಿನ ತೂಕಕ್ಕೂ ಮುಹೂರ್ತವೇ?

‘ಕೂಸು ದೊಡ್ಡದದ.’ ಒಂಬತ್ತನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿ ಬಂದ ಬಸುರಿಯ ಮನೆಯಲ್ಲಿ ಗಾಬರಿ ಹುಟ್ಟಿಸಲು ಇಷ್ಟು ಮಾತು ಸಾಕು. ಸಿಸೇರಿಯನ್ನೇ ಗತಿ ಎಂದು ಒಬ್ಬರು ಅಂದರೆ, ಹಾಗಿದ್ದರೆ ಒಳ್ಳೆಯ ನಕ್ಷತ್ರ ನೋಡಿ ಮಾಡಿಸೋಣ ಎಂದು ಇನ್ನೊಬ್ಬರು ಪಂಚಾಂಗ ತೆಗೆಯುತ್ತಾರೆ. ಬಸವಕಲ್ಯಾಣದಲ್ಲಿ ಈ ಮಾತು ಕೇಳಿದರೆ ಕೊಂಚ ಕಸಿವಿಸಿಯಾಗಬೇಕು. ತಿಥಿ, ವಾರ, ನಕ್ಷತ್ರಗಳ ಹಂಗು ಬೇಡವೆಂದು 12ನೇ ಶತಮಾನದಲ್ಲಿ ಶರಣರು ಸಾರಿದ್ದು ಇದೇ ಕಲ್ಯಾಣದಲ್ಲಿ. ಅವರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ಜನನ ಸೂತಕವೂ ಒಂದು.

ಹುಮನಾಬಾದಿನ ಕಡೆ ಹೊರಳಿದರೆ ಇನ್ನೊಂದು ಕಥೆ. ಅಲ್ಲಿನ ಮಾಣಿಕನಗರದಲ್ಲಿ ಸಕಲಮತ ಸಂಪ್ರದಾಯ ಕಟ್ಟಿದ ಮಾಣಿಕಪ್ರಭುಗಳು ಹುಟ್ಟಿದ್ದು 1817ರಲ್ಲಿ, ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ. ದತ್ತಾತ್ರೇಯನೇ ಕನಸಿನಲ್ಲಿ ಬಂದು ಮಗನಾಗಿ ಹುಟ್ಟುವೆನೆಂದು ಹೆತ್ತವರಿಗೆ ಹೇಳಿದ ಎಂಬುದು ಭಕ್ತರ ನಂಬಿಕೆ. ಮುನ್ಸೂಚನೆಯನ್ನು ಪ್ರಶ್ನಿಸಿದವರೂ ಪೂಜಿಸಿದವರೂ ಈ ಸೀಮೆಯವರೇ. ಹಾಗಾದರೆ ಸ್ಕ್ಯಾನಿಂಗ್ ಹೇಳುವ ಭವಿಷ್ಯವನ್ನು ಯಾವ ಸಾಲಿಗೆ ಸೇರಿಸಬೇಕು?

ಯಂತ್ರ ಕೂಸನ್ನು ತೂಗುವುದಿಲ್ಲ. ತಲೆಯ ಅಗಲ ಮತ್ತು ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಅಳೆದು, ಸೂತ್ರಕ್ಕೆ ಹಾಕಿ ತೂಕ ಅಂದಾಜಿಸುತ್ತದೆ. ಆ ಅಂದಾಜು ಶೇ 10ರಿಂದ 15ರಷ್ಟು ಹೆಚ್ಚುಕಮ್ಮಿ ಆಗುವುದು ಸಾಮಾನ್ಯ. ವರದಿಯಲ್ಲಿ 3.8 ಕೆ.ಜಿ. ಎಂದಿದ್ದರೆ ಹುಟ್ಟುವ ಕೂಸು 3.3 ಇರಬಹುದು, 4.3 ಕೂಡ. ಅಮೆರಿಕದ ಸಮೀಕ್ಷೆಯೊಂದರಲ್ಲಿ ‘ಮಗು ದೊಡ್ಡದಿರಬಹುದು’ ಎಂದು ಹೇಳಿಸಿಕೊಂಡಿದ್ದ ತಾಯಂದಿರಲ್ಲಿ, ನಾಲ್ಕು ಕೆ.ಜಿ. ದಾಟಿದ ಮಗು ಹೆತ್ತವರು ಐವರಲ್ಲಿ ಒಬ್ಬರಷ್ಟೇ. ಆದರೂ ವರದಿ ಗ್ರಾಂ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಅಚ್ಚಾದದ್ದು ವಿಧಿಬರಹದಂತೆ ಕಾಣುತ್ತದೆ.

ವೀರಶೈವ ಆಚಾರದಲ್ಲಿ ಗರ್ಭಕ್ಕೆ ಎಂಟನೇ ತಿಂಗಳಲ್ಲಿ ಲಿಂಗಧಾರಣೆ ಮಾಡಿಸುವ ಪದ್ಧತಿಯುಂಟು. ಕೂಸು ಹೆಣ್ಣೋ ಗಂಡೋ, ದಪ್ಪವೋ ಸಣ್ಣವೋ ಅಲ್ಲಿ ಯಾರೂ ಕೇಳುವುದಿಲ್ಲ. ಕಣ್ಣಿಗೆ ಬೀಳುವ ಮೊದಲೇ ಅದು ಭಕ್ತ. ಹೆಣ್ಣೋ ಗಂಡೋ ಹೇಳಬಾರದೆಂದು 1994ರ ಕಾನೂನು ಸ್ಕ್ಯಾನಿಂಗ್ ಕೇಂದ್ರಗಳನ್ನೂ ಕಟ್ಟಿಹಾಕಿದೆ. ಉಳಿದಿರುವುದು ತೂಕ, ಚಿಂತೆಯೆಲ್ಲ ಈಗ ಅದರ ಮೇಲೆ.

ಹಾಗೆಂದು ಚಿಂತೆ ಸುಳ್ಳಲ್ಲ. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡರೆ ಕೂಸಿನ ಜೀವಕ್ಕೇ ಅಪಾಯ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಆ ಭಯ ಹೆಚ್ಚು: ತಾಯಿಯ ರಕ್ತದ ಸಕ್ಕರೆ ಕೂಸಿಗೂ ಹರಿದು, ಅದರ ಭುಜ ಹೊಟ್ಟೆಗಳಲ್ಲಿ ಕೊಬ್ಬು ತುಂಬುತ್ತದೆ. ಆದ್ದರಿಂದಲೇ ಬಸುರಿಯರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ತಾಸಿನ ನಂತರ ರಕ್ತ ಪರೀಕ್ಷಿಸುವುದು, 140 ಮಿ.ಗ್ರಾಂ. ಮುಟ್ಟಿದರೆ ಎಚ್ಚರಿಕೆ. ಅಮೆರಿಕದ ಪ್ರಸೂತಿ ತಜ್ಞರ ಸಂಘ ತೂಕವೊಂದನ್ನೇ ನೋಡಿ ಸಿಸೇರಿಯನ್ ಯೋಚಿಸಲು ಹೇಳುವುದು ಅಂದಾಜು ಐದು ಕೆ.ಜಿ. ಮುಟ್ಟಿದಾಗ, ಸಕ್ಕರೆ ಕಾಯಿಲೆಯಿದ್ದರೆ ನಾಲ್ಕೂವರೆಗೆ. ಭಾರತದ ತಾಯಂದಿರ ಮೈಕಟ್ಟಿಗೆ ಈ ಗೆರೆ ಹಾಗೇ ಹೊಂದಬೇಕೆಂದೇನಿಲ್ಲ. ತೀರ್ಮಾನ ಆ ಬಸುರಿಯನ್ನು ಮುಟ್ಟಿ ನೋಡಿದ ವೈದ್ಯರದು, ಮತ್ತು ಅವಳದು.

ಸ್ಕ್ಯಾನಿಂಗ್ ಕಣಿಯಲ್ಲ, ಮರುಪ್ರಶ್ನೆಗೆ ಅದರಲ್ಲಿ ಜಾಗವಿದೆ. ಕೂತು ಚರ್ಚಿಸಿ ಒಪ್ಪುವುದನ್ನು ಅನುಭವ ಮಂಟಪದ ಊರಿಗೆ ಯಾರೂ ಕಲಿಸಬೇಕಿಲ್ಲ. ಪಂಚಾಂಗ ತೆರೆಯುವ ಮೊದಲು ವೈದ್ಯರನ್ನು ಕೇಳಿ: ಸಕ್ಕರೆ ಎಷ್ಟಿದೆ, ಈ ಅಂದಾಜು ಎಷ್ಟು ಹೆಚ್ಚುಕಮ್ಮಿ ಆಗಬಹುದು, ಸಹಜ ಹೆರಿಗೆಗೆ ಕಾದರೆ ಏನು ಅಪಾಯ, ಭುಜ ಸಿಕ್ಕಿದರೆ ನಿಭಾಯಿಸುವವರು ಆಸ್ಪತ್ರೆಯಲ್ಲಿ ರಾತ್ರಿಯೂ ಇರುತ್ತಾರೆಯೇ?