ಕಾಣದಿರುವುದೂ ಇಲ್ಲದಿರುವುದೂ

ಒಂದು ವಸ್ತುವು ಇಲ್ಲವೆಂಬುದನ್ನು ತಿಳಿಯುವ ಬಗೆ ಯಾವುದೆಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನರು ಬಹು ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಇದಕ್ಕಾಗಿ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಅಂಗೀಕರಿಸಿದರು. ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ನಿಶ್ಚಯಿಸಬಹುದು. ಆದರೆ ಅದಕ್ಕೊಂದು ನಿಯಮವುಂಟು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಷ್ಟು ಬೆಳಕಿರಬೇಕು, ನೋಡುವವನು ಕಣ್ದೆರೆದು ನೋಡಿರಬೇಕು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆನ್ನುವವನ ಮಾತಿನಿಂದ ಅಲ್ಲಿ ಕತ್ತಲೆಯಿದೆಯೆಂಬಷ್ಟೇ ಸಿದ್ಧವಾಗುತ್ತದೆ.

ಈ ನಿಯಮವು ವಿದ್ವಾಂಸರ ವಾಕ್ಯಾರ್ಥಕ್ಕೆ ಮಾತ್ರ ಸೇರಿದುದೆಂದು ವಾಚಕರು ಎಣಿಸಬಾರದು. ಪರರು ರಚಿಸಿದ, ಒಳಗನ್ನು ತಾವು ಕಾಣಲಾರದ ಯಂತ್ರಗಳನ್ನು ನಂಬಿ ಜನರು ಬಾಳುವ ಈ ಕಾಲದಲ್ಲಿ ಅದು ಧರ್ಮಾಧರ್ಮದ ಪ್ರಶ್ನೆಯೇ ಆಗಿದೆ. ಬ್ರಿಟನ್ನಿನಲ್ಲಿ ನಡೆದ ಒಂದು ಸಂಗತಿಯಿಂದ ಇದು ವಿಶದವಾಗುವುದು.

ಅಲ್ಲಿಯ ಪೋಸ್ಟ್ ಆಫೀಸ್ ಸಂಸ್ಥೆಯು ೧೯೯೯ರಿಂದ ತನ್ನ ಶಾಖೆಗಳ ಲೆಕ್ಕಪತ್ರಗಳನ್ನು ಹೊರೈಜನ್ ಎಂಬ ಗಣಕಯಂತ್ರ ವ್ಯವಸ್ಥೆಗೆ ಒಪ್ಪಿಸಿತು. ಅದರ ತಂತ್ರಾಂಶವನ್ನು ಸಿದ್ಧಪಡಿಸಿ ನೋಡಿಕೊಳ್ಳುತ್ತಿದ್ದುದು ಫುಜಿತ್ಸು ಬಳಗದ ಕಂಪೆನಿ. ಊರೂರುಗಳಲ್ಲಿ ಅಂಗಡಿಯ ಜೊತೆಗೆ ಅಂಚೆಯ ಕೆಲಸವನ್ನೂ ನಡಸುತ್ತಿದ್ದ ಸಬ್‌ಪೋಸ್ಟ್‌ಮಾಸ್ತರರು ಲೆಕ್ಕ ಕೂಡಿಸುವಾಗ, ಪೆಟ್ಟಿಗೆಯಲ್ಲಿರುವುದಕ್ಕಿಂತ ಹೆಚ್ಚು ಹಣವಿರಬೇಕೆಂದು ಯಂತ್ರವು ತೋರಿಸಿದುದುಂಟು. ಕೊರತೆಬಿದ್ದ ಹಣವನ್ನು ಅವರೇ ತುಂಬಿಕೊಡಬೇಕೆಂದು ಸಂಸ್ಥೆಯು ಒತ್ತಾಯಿಸುತ್ತಿತ್ತು. ಸಹಾಯವಾಣಿಯನ್ನು ಕೇಳಿದರೆ, ಇಂತಹ ತೊಂದರೆ ಬೇರೆ ಯಾರಿಗೂ ಬಂದಿಲ್ಲವೆಂಬ ಉತ್ತರವು ಅನೇಕರಿಗೆ ದೊರೆಯಿತು. ಒಬ್ಬೊಬ್ಬರೂ ತಾವೊಬ್ಬರೇ ಎಂದು ನಂಬಿದರು. ಮನೆಯನ್ನು ಒತ್ತೆಯಿಟ್ಟು ಹಣ ಕಟ್ಟಿದವರುಂಟು, ಸೆರೆಮನೆ ಸೇರಿದವರುಂಟು, ನಿಂದೆಯನ್ನು ತಾಳಲಾರದೆ ಪ್ರಾಣವನ್ನೇ ನೀಗಿದವರುಂಟು. ೧೯೯೯ರಿಂದ ೨೦೧೫ರವರೆಗೆ ಅಪರಾಧಿಗಳೆಂದು ತೀರ್ಪು ಪಡೆದವರು ೯೦೦ಕ್ಕೂ ಹೆಚ್ಚು ಮಂದಿ.

ಹಾಗಾದರೆ ಯಂತ್ರದಲ್ಲಿ ದೋಷವಿರಲಿಲ್ಲವೆ? ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಎಂಬ ಊರಿನಲ್ಲಿ ೨೦೧೫ರಲ್ಲಿ ೮,೦೦೦ ಪೌಂಡುಗಳ ಒಂದೇ ರವಾನೆಯನ್ನು ಯಂತ್ರವು ನಾಲ್ಕು ಸಲ ಬರೆದುಕೊಂಡಿತು. ಹೀಗೆ ೨೪,೦೦೦ ಪೌಂಡುಗಳ ಕೊರತೆಯೊಂದು ಲೆಕ್ಕದಲ್ಲಿ ಹುಟ್ಟಿತು. ಕಂಪೆನಿಯವರು ಹುಡುಕಿನೋಡಿದಾಗ ಹಿಂದಿನ ಐದು ವರ್ಷಗಳಲ್ಲಿ ಅದೇ ದೋಷವು ೧೧೨ ಸಲ ತಲೆದೋರಿದ್ದುದು ತಿಳಿದುಬಂತು. ದೀಪವನ್ನು ಹಿಡಿದೊಡನೆ ಗಡಿಗೆಯು ಕಂಡಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಬರುವ ದೂರುಗಳಲ್ಲಿ ಎಷ್ಟೋ ಬಳಸುವವರ ಕೈತಪ್ಪಿನಿಂದಲೇ ಹುಟ್ಟುತ್ತವೆ. ಪ್ರತಿಯೊಂದಕ್ಕೂ ಯಂತ್ರವನ್ನು ಬಿಚ್ಚಿ ಪರೀಕ್ಷಿಸುವುದು ತಯಾರಕನಿಗೆ ಶಕ್ಯವೆ? ಈ ಮಾತು ನ್ಯಾಯವಾದುದೇ. ಆದರೆ ಪರೀಕ್ಷಿಸಲು ಶಕ್ಯವಾಗದ ಕಡೆ ಸಂಶಯವು ಸಂಶಯವಾಗಿಯೇ ಉಳಿಯಬೇಕಷ್ಟೆ. ಅದು ಎದುರಿನವನ ಮೇಲಿನ ಆರೋಪವಾಗಿ ಪರಿಣಮಿಸುವುದಕ್ಕೆ ಏನು ಆಧಾರ? ಅರಿತುದನ್ನು ಅರಿತಂತೆ ನುಡಿಯುವವನೇ ಆಪ್ತನೆಂಬುದು ನೈಯಾಯಿಕರ ಮತ. ಸಹಾಯವಾಣಿಯ ನೌಕರನು “ನಾನರಿಯೆ” ಎಂದಿದ್ದರೆ ಆಪ್ತನಾಗುತ್ತಿದ್ದನು. ನೋಡದೆಯೇ “ಇಲ್ಲ” ಎಂದುದರಿಂದ, ಮೋಸದ ಬುದ್ಧಿಯಿಲ್ಲದಿದ್ದರೂ ಅವನ ಮಾತು ಅನೃತಕ್ಕೆ ಸಮನಾಯಿತು.

ರಾಜಶಾಸನವೂ ಇದೇ ದಾರಿ ಹಿಡಿದುದು ಶೋಚನೀಯ. ಗಣಕಯಂತ್ರದ ಲೆಕ್ಕವನ್ನು ಸಾಕ್ಷ್ಯವಾಗಿ ತರುವವನೇ ಆ ಯಂತ್ರವು ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕೆಂದು ೧೯೮೪ರಲ್ಲಿ ಇಂಗ್ಲೆಂಡಿನವರು ವಿಧಿಸಿದ್ದರು. ೧೯೯೯ರ ಶಾಸನವೊಂದು ಆ ವಿಧಿಯನ್ನು ತೆಗೆದುಹಾಕಿತು. ವಿರುದ್ಧವಾದ ಸಾಕ್ಷ್ಯ ಬರುವವರೆಗೆ ಯಂತ್ರವು ನಿರ್ದುಷ್ಟವೆಂದೇ ಭಾವಿಸುವುದು ನ್ಯಾಯಾಲಯಗಳ ಪದ್ಧತಿಯಾಯಿತು. ಒಳಗನ್ನು ನೋಡಬಲ್ಲವರು ಸುಮ್ಮನಿರಬಹುದು, ನೋಡಲಾರದ ಬಡಪಾಯಿಯೇ ದೋಷವನ್ನು ತೋರಿಸಬೇಕು ಎಂದಂತಾಯಿತು.

ಕಡೆಗೆ ೫೫೫ ಮಂದಿ ಒಟ್ಟುಗೂಡಿ ದಾವೆ ಹೂಡಿದರು. ತಂತ್ರಾಂಶದಲ್ಲಿ ದೋಷಗಳಿದ್ದುದು ನಿಜವೆಂದು ೨೦೧೯ರ ಡಿಸೆಂಬರಿನಲ್ಲಿ ತೀರ್ಪಾಯಿತು. ೨೦೨೧ರ ಏಪ್ರಿಲಿನಲ್ಲಿ ಮೇಲಿನ ನ್ಯಾಯಾಲಯವು ೩೯ ಮಂದಿಯ ಶಿಕ್ಷೆಯ ತೀರ್ಪುಗಳನ್ನು ತಳ್ಳಿಹಾಕಿತು. ೨೦೨೪ರ ಮೇ ತಿಂಗಳಲ್ಲಿ ಪಾರ್ಲಿಮೆಂಟೇ ಶಾಸನದ ಮೂಲಕ ಇನ್ನೂ ನೂರಾರು ಮಂದಿಯನ್ನು ದೋಷಮುಕ್ತರನ್ನಾಗಿಸಿತು. ಅಷ್ಟರಲ್ಲಿ ಕೆಲವರು ಕಾಲವಾಗಿದ್ದರು. ಅವರ ಪಾಲಿಗೆ ಬಂದುದು ಹೆಸರಿನ ಶುದ್ಧಿಯೊಂದೇ.

ಆದುದರಿಂದ ದೀಪವು ಯಾರ ಕೈಯಲ್ಲಿದೆಯೋ ಹುಡುಕುವ ಭಾರವೂ ಅವರದಾಗಿರಬೇಕು. ಯಂತ್ರವನ್ನು ಮಾರಿದವನು ಅದರ ಒಳಗನ್ನು ತನ್ನಲ್ಲೇ ಇಟ್ಟುಕೊಂಡಿರುವವರೆಗೆ ಈ ಋಣವು ಅವನಿಗೆ ತಪ್ಪದು. ಕೊಂಡವರಿಗೂ ಒಂದು ಕರ್ತವ್ಯವುಂಟು: “ನಮ್ಮಲ್ಲಿ ದೋಷವಿಲ್ಲ” ಎಂಬ ಉತ್ತರ ಬಂದಾಗ ತಲೆಬಾಗಿ ಹಿಂದಿರುಗದೆ, “ಎಲ್ಲಿ ನೋಡಿದಿರಿ, ಹೇಗೆ ನೋಡಿದಿರಿ?” ಎಂದು ಕೇಳುವುದು, ನೆರೆಯವರಿಗೂ ಅದೇ ಉತ್ತರ ಬಂದಿತ್ತೇ ಎಂದು ವಿಚಾರಿಸುವುದು.