ನಾಲ್ಕನೆಯ ಅವಕಾಶ

ಇಲ್ಲಿಯ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು! ಅಮೆರಿಕಕ್ಕೆ ಬಂದ ಹೊಸತರಲ್ಲಿ ಇದೆಂಥ ಆಟವೆಂದು ನಕ್ಕ ನಾವು, ಮಕ್ಕಳ ಜೊತೆ ಕೂತು ನೋಡುತ್ತಾ ಅದರ ರುಚಿ ಹತ್ತಿಸಿಕೊಂಡೆವು. ಇದರ ಒಂದು ನಿಯಮ ನಮ್ಮನ್ನು ಯೋಚನೆಗೆ ಹಚ್ಚುವಂಥದು. ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶಗಳು. ಮೂರರಲ್ಲಿ ಆಗದಿದ್ದರೆ ಕೋಚ್ ತೀರ್ಮಾನಿಸಬೇಕು: ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸುವುದೋ, ಧೈರ್ಯ ಮಾಡಿ ಮುನ್ನುಗ್ಗುವುದೋ? ಮುನ್ನುಗ್ಗಿ ವಿಫಲವಾದರೆ ಚೆಂಡು ಅಲ್ಲಿಯೇ ಎದುರಾಳಿಯ ಪಾಲು.

2009ರ ನವೆಂಬರ್ 15ರಂದು ಬಿಲ್ ಬೆಲಿಚಿಕ್ ಅವರ ಪೇಟ್ರಿಯಟ್ಸ್ ತಂಡ ಆರು ಅಂಕ ಮುಂದಿತ್ತು. ಉಳಿದಿದ್ದು ಎರಡು ನಿಮಿಷ ಚಿಲ್ಲರೆ, ಬೇಕಾಗಿದ್ದು ಎರಡೇ ಗಜ. ಆದರೆ ನಿಂತಿದ್ದುದು ತಮ್ಮದೇ 28ನೇ ಗಜದ ಗೆರೆಯಲ್ಲಿ. ಅವರು ಮುನ್ನುಗ್ಗಲು ಹೇಳಿದರು. ಸ್ವಲ್ಪದರಲ್ಲಿ ತಪ್ಪಿತು, ಕೋಲ್ಟ್ಸ್ ತಂಡ 35-34ರಿಂದ ಗೆದ್ದಿತು. ಟೀಕೆಯ ಸುರಿಮಳೆಯಾಯಿತು. 2018ರ ಸೂಪರ್ ಬೌಲ್‌ನಲ್ಲಿ ಈಗಲ್ಸ್ ಕೋಚ್ ಡಗ್ ಪೀಡರ್ಸನ್ ಬಹುತೇಕ ಖಚಿತವಾಗಿದ್ದ ಮೂರು ಅಂಕ ಬಿಟ್ಟು ನಾಲ್ಕನೆಯ ಅವಕಾಶದಲ್ಲಿ ಮುನ್ನುಗ್ಗಿದರು. ಅದು ಫಲಿಸಿತು, ಪಂದ್ಯವನ್ನೂ 41-33ರಿಂದ ಗೆದ್ದರು. ಅವರು ಮಹಾಧೈರ್ಯಶಾಲಿಯೆನಿಸಿದರು. ಗೆದ್ದೆತ್ತಿನ ಬಾಲ ಹಿಡಿಯುವುದೆಂದರೆ ಇದೇ ಅಲ್ಲವೇ?

ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆಲುವಿನ ಲೆಕ್ಕದಿಂದ ನೋಡಿದರೆ ತಂಡಗಳು ನಾಲ್ಕನೆಯ ಅವಕಾಶದಲ್ಲಿ ಅತಿಯಾಗಿ ಅಂಜುತ್ತವೆ ಎಂದು ತೋರಿಸಿದರು. ಯಾಕಿರಬಹುದು? ನಮಗೆ ತೋಚುವ ಕಾರಣ ಇದು: ಎಲ್ಲರಂತೆ ಒದ್ದು ಸೋತರೆ ಬೈಗುಳ ಆಟಗಾರರಿಗೆ, ಮುನ್ನುಗ್ಗಿ ಸೋತರೆ ಕೋಚ್‌ಗೆ. ಹಾಗಾದರೆ ಆ ಎಚ್ಚರಿಕೆ ಕಾಯುವುದು ತಂಡವನ್ನೋ, ಕೋಚ್‌ನ ನೌಕರಿಯನ್ನೋ?

ಮುನ್ನುಗ್ಗುವುದೆಲ್ಲ ಧರ್ಮವೆಂದೂ ಅಲ್ಲ. ಹೆಸರಿನ ಆಸೆಗೆ ಇತರರ ಶ್ರಮವನ್ನು ಪಣಕ್ಕೊಡ್ಡುವವರೂ ಇರುತ್ತಾರೆ. ವ್ಯತ್ಯಾಸ ತಿಳಿಯುವುದು ಸೋತಾಗ. 2024ರ ಜನವರಿಯಲ್ಲಿ ಲಯನ್ಸ್ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ದ್ವಿತೀಯಾರ್ಧದಲ್ಲಿ ಎರಡು ಸಲ ಮೂರಂಕದ ಒದೆತ ಬಿಟ್ಟು ಮುನ್ನುಗ್ಗಿ ವಿಫಲರಾದರು. ಸೋತದ್ದು ಮೂರೇ ಅಂಕದಿಂದ. ಒಮ್ಮೆ ಚೆಂಡು ತಮ್ಮ ಆಟಗಾರನ ಕೈಯಿಂದಲೇ ಜಾರಿತ್ತು. ಆದರೂ ಅವರು ಆ ನಿರ್ಧಾರಗಳಿಗೆ ತಾವೇ ಹೊಣೆಯಾಗಿ ನಿಂತರು, ಪಶ್ಚಾತ್ತಾಪವಿಲ್ಲವೆಂದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕಲಿತವರು ನಾವು. ಊರು ಬಿಟ್ಟು ಸಮುದ್ರ ದಾಟಿದವರೂ ನಾವೇ! ಆದರೂ ಮಗಳು ಇಂಜಿನಿಯರಿಂಗ್ ಬೇಡ, ಸಂಗೀತ ಓದುತ್ತೇನೆ ಎಂದರೆ ತಕ್ಷಣ ಚೆಂಡು ಒದೆಯಲು ನೋಡುತ್ತೇವೆ. ಬೇಡವೆನ್ನುವುದು ಕೆಲವೊಮ್ಮೆ ಸರಿಯೂ ಇರಬಹುದು. ಬಾಡಿಗೆ, ಸಾಲ, ಸಂಬಳ ಎಲ್ಲವೂ ನಿಜ. ಆದರೆ ಹಾಗೆನ್ನುವ ಮೊದಲು ಕೇಳಿಕೊಳ್ಳೋಣ: ಈ ಅಂಜಿಕೆ ಅವಳ ಬದುಕಿನದೋ, ನಾಲ್ಕು ಜನ ನಮ್ಮನ್ನು ಏನಂದಾರು ಎಂಬುದರದೋ? ಮೊದಲನೆಯದಾದರೆ ಅವಳ ಜೊತೆ ಕೂತು ಲೆಕ್ಕ ಹಾಕೋಣ. ಎರಡನೆಯದಾದರೆ ಆ ಮಾತನ್ನು ಕೇಳಿಸಿಕೊಳ್ಳುವ ಹೊಣೆ ನಮ್ಮದೇ ಇರಲಿ, ಅದರ ಬೆಲೆಯನ್ನು ಅವಳಿಂದ ಕೊಡಿಸುವುದು ಬೇಡ.