ಬೇಡವೆಂದು ಹೇಳುವ ಹೊಣೆ

ಸ್ತನದ ಗಡ್ಡೆಯನ್ನು ತೆಗೆದುಹಾಕಿದ ಮೇಲೆ ಎದುರಾಗುವ ಪ್ರಶ್ನೆ ಕೆಲವೊಮ್ಮೆ ಶಸ್ತ್ರಚಿಕಿತ್ಸೆಗಿಂತಲೂ ಕಠಿಣ. ಕಿಮೋಥೆರಪಿ ಬೇಕೆ, ಬೇಡವೆ? ರೋಗ ಮೊದಲ ಹಂತದಲ್ಲೇ ಸಿಕ್ಕಿ, ಗಡ್ಡೆ ಹಾರ್ಮೋನಿಗೆ ಸ್ಪಂದಿಸುವ ಬಗೆಯದಾಗಿದ್ದರೆ, ಹಾರ್ಮೋನು ತಡೆಯುವ ಮಾತ್ರೆಗಳ ಬಲದಿಂದಲೇ ಮುಂದಿನ ಬದುಕನ್ನು ಸಾಗಿಸಬಲ್ಲ ಹೆಣ್ಣುಮಕ್ಕಳು ಬಹಳ ಮಂದಿ. ಕೆಲವರಲ್ಲಿ ಮಾತ್ರ ರೋಗ ಮರಳುತ್ತದೆ, ಎಲುಬಿನಲ್ಲೋ ಯಕೃತ್ತಿನಲ್ಲೋ. ಆ ಕೆಲವರು ಯಾರೆಂದು ಮೊದಲೇ ಹೇಳಲು ಸಾಲುವಷ್ಟು ಗುರುತು ಕೈಯಲ್ಲಿಲ್ಲದೆ, ಎಷ್ಟೋ ಕಾಲ ಅಗತ್ಯವಿದ್ದವರ ಜೊತೆಗೆ ಇಲ್ಲದವರೂ ಕಿಮೋಥೆರಪಿ ಪಡೆದರು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ, ಇದ್ದದ್ದು ಭಯ. ಔಷಧಿ ಕೊಟ್ಟು ಕೂದಲು ಉದುರಿದರೆ ಯಾರೂ ವೈದ್ಯರನ್ನು ದೂರುವುದಿಲ್ಲ. ಕೊಡದೆ ರೋಗ ಮರಳಿದರೆ ಆ ಮನೆಯವರ ಮುಖವನ್ನು ನೋಡುವುದಾದರೂ ಹೇಗೆ? ಹೀಗೆ ಒಬ್ಬರ ಭಯಕ್ಕೆ ಇನ್ನೊಬ್ಬರ ಮೈ ತೆರಿಗೆ ಕಟ್ಟುತ್ತದೆ, ಆ ತೆರಿಗೆಯಲ್ಲಿ ಅಡವಿಟ್ಟ ಒಡವೆಯೂ ಬಿಟ್ಟ ಕೆಲಸವೂ ಸೇರಿರುತ್ತವೆ.

ಈ ಭಯಕ್ಕೊಂದು ಅಳತೆ ತರಲು ಹೊರಟವರಲ್ಲಿ ಬೆಂಗಳೂರಿನ ವಿಜ್ಞಾನಿ ಡಾ. ಮಂಜಿರಿ ಬಾಕ್ರೆ ಒಬ್ಬರು. 2011ರಲ್ಲಿ ಅವರು ಆಂಕೋಸ್ಟೆಮ್ ಡಯಾಗ್ನಾಸ್ಟಿಕ್ಸ್ ಎಂಬ ಕಂಪನಿ ಕಟ್ಟಿದರು. 2016ರಲ್ಲಿ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬ ಪರೀಕ್ಷೆ ರೋಗಿಗಳಿಗೆ ಸಿಗುವಂತಾಯಿತು. ಗಡ್ಡೆಯ ತುಣುಕಿನಲ್ಲಿ ಐದು ಪ್ರೋಟೀನುಗಳು ಎಷ್ಟೆಷ್ಟಿವೆಯೆಂದು ಬಣ್ಣ ಹಚ್ಚಿ ನೋಡುವುದು, ಅದಕ್ಕೆ ಗಡ್ಡೆಯ ಗಾತ್ರ, ದರ್ಜೆ, ಕಂಕುಳ ಗ್ರಂಥಿಗಳಿಗೆ ಹಬ್ಬಿದೆಯೇ ಎಂಬ ಮೂರು ಸಂಗತಿಗಳನ್ನು ಸೇರಿಸುವುದು, ಎಲ್ಲವನ್ನೂ ಗಣಕದ ಲೆಕ್ಕಕ್ಕೆ ಒಪ್ಪಿಸಿ, ಐದು ವರ್ಷದೊಳಗೆ ರೋಗ ದೂರದ ಅಂಗಕ್ಕೆ ಮರಳುವ ಅಪಾಯ ಕಡಿಮೆಯೋ ಹೆಚ್ಚೋ ಎಂದು ಹೇಳುವುದು. ಅಮೆರಿಕದಲ್ಲಿ 21 ಜೀನ್‌ಗಳನ್ನು ಓದುವ ಆಂಕೋಟೈಪ್ ಡಿಎಕ್ಸ್ ಮೊದಲೇ ಬಂದಿತ್ತು. ಆ ಪರೀಕ್ಷೆಯನ್ನು ಆಧರಿಸಿ 10,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಟೈಲರ್‌ಎಕ್ಸ್ ಅಧ್ಯಯನ 2018ರಲ್ಲಿ ಹೊರಬಂದಾಗ, ಮಧ್ಯಮ ಅಂಕ ಪಡೆದವರಲ್ಲಿ ಬಹುಪಾಲು ಮಂದಿಗೆ ಕಿಮೋದಿಂದ ಹೆಚ್ಚಿನ ಲಾಭವಿಲ್ಲವೆಂದು ಗೊತ್ತಾಯಿತು. ಆದರೆ ಲಕ್ಷಗಳಲ್ಲಿ ಬೆಲೆ ಹೇಳುವ ಪರೀಕ್ಷೆ ಹಾವೇರಿಯ ಶಿಕ್ಷಕಿಗೋ ಹಾಸನದ ರೈತ ಮಹಿಳೆಗೋ ಇದ್ದೂ ಇಲ್ಲದಂತೆಯೇ. ಬಾಕ್ರೆಯವರ ತಂಡ ನೆಚ್ಚಿಕೊಂಡದ್ದು ದೊಡ್ಡ ಪ್ರಯೋಗಾಲಯಗಳಲ್ಲಿ ದಿನನಿತ್ಯ ಬಳಕೆಯಲ್ಲಿರುವ ಬಣ್ಣ ಹಚ್ಚುವ ವಿಧಾನವನ್ನು.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ವ್ಯಾಪಾರದ ಸ್ವಭಾವ. ನಿನಗೆ ಇದು ಬೇಕು, ಇದಿಲ್ಲದೆ ನೀನು ಅಪೂರ್ಣ ಎನ್ನುತ್ತಲೇ ಮಾರುಕಟ್ಟೆ ನಮ್ಮನ್ನು ಬೆಳೆಸಿದೆ. ಅಂಥ ಪೇಟೆಯ ನಡುವೆ, ಹಣ ಪಡೆದು, ನಿನಗೆ ಇದು ಬೇಡ ಎಂದು ಹೇಳುವ ಅಂಗಡಿಯೊಂದು! ಹೇಳಿದ್ದು ತಪ್ಪಾದರೆ ಅದನ್ನು ಮರಳಿ ಪಡೆಯುವ ಉಪಾಯವೂ ಇಲ್ಲ.

ಅಷ್ಟು ದೊಡ್ಡ ಮಾತಿಗೆ ಆಧಾರವಾದರೂ ಏನು? ಐದು ವರ್ಷದ ಭವಿಷ್ಯ ನುಡಿಯುವ ಪರೀಕ್ಷೆಯನ್ನು ಕಟ್ಟುವವರು ಮುಂದಕ್ಕೆ ಕಾಯುತ್ತ ಕೂರುವ ಬದಲು ಹಿಂದಕ್ಕೆ ಹೋಗುತ್ತಾರೆ. ಆಸ್ಪತ್ರೆಗಳ ರೋಗಶಾಸ್ತ್ರ ವಿಭಾಗಗಳಲ್ಲಿ ಎಂದೋ ತೆಗೆದ ಗಡ್ಡೆಗಳ ಚೂರುಗಳು ಮೇಣದ ಪುಟ್ಟ ಅಚ್ಚುಗಳಲ್ಲಿ ಹುದುಗಿ ವರ್ಷಾನುಗಟ್ಟಲೆ ಉಳಿದಿರುತ್ತವೆ. ಅಚ್ಚಿನ ಮೇಲೊಂದು ಸಂಖ್ಯೆ, ಆ ಸಂಖ್ಯೆಗೊಂದು ಕಡತ, ಕಡತದಲ್ಲಿ ಆ ಹೆಂಗಸಿಗೆ ಮುಂದೆ ಏನಾಯಿತೆಂಬ ನಾಲ್ಕು ಸಾಲು. ಬದುಕಿಕೊಂಡವಳ ಅಚ್ಚನ್ನೂ ರೋಗ ಮರಳಿ ತೀರಿಕೊಂಡವಳ ಅಚ್ಚನ್ನೂ ಒಂದರ ಪಕ್ಕ ಒಂದಿಟ್ಟು, ಇವಳಲ್ಲಿದ್ದು ಅವಳಲ್ಲಿ ಇಲ್ಲದ್ದೇನು ಎಂದು ಕೇಳುತ್ತ ಹೋದಾಗ ಲೆಕ್ಕದ ಸೂತ್ರ ರೂಪುಗೊಳ್ಳುತ್ತದೆ. ಅಂದರೆ, ಇಂದು ಒಬ್ಬಳಿಗೆ ‘ಅಪಾಯ ಕಡಿಮೆ’ ಎಂಬ ಸಾಲು ದೊರಕುವುದರ ಹಿಂದೆ, ಆ ಸಾಲು ತಮಗೆ ದೊರಕದೆ ಹೋದ ಎಷ್ಟೋ ಹೆಣ್ಣುಮಕ್ಕಳ ಮೈಯಿದೆ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸಿದರು. ಗೋತ್ರ ಕುಲ ಗೊತ್ತಿಲ್ಲದ ಈ ಸೋದರಿಯರ ಋಣವನ್ನು ಯಾವ ಲೆಕ್ಕಕ್ಕೆ ಬರೆಯೋಣ? ಇಂಥ ಅರಿವಿನಿಂದ ಕಂಪನಿ ಹುಟ್ಟಿ, ಅದಕ್ಕೆ ಬಂಡವಾಳ ಬಂದು, ಲಾಭದ ಮಾತೂ ಬಂದಾಗ ನನಗೆ ಸಣ್ಣ ಕಸಿವಿಸಿ ಆಗದಿರುವುದಿಲ್ಲ. ಆದರೆ ಕಂಪನಿ ಇಲ್ಲದೆ ಹೋಗಿದ್ದರೆ ಆ ಅರಿವು ಪ್ರಬಂಧವೊಂದರ ಕೋಷ್ಟಕದಲ್ಲೇ ಉಳಿದುಬಿಡುತ್ತಿತ್ತು ಎಂಬುದೂ ಅಷ್ಟೇ ನಿಜ. ಬೆಲೆಯನ್ನು ಕೈಗೆಟುಕುವಂತೆ ಇಡುವುದು ಈ ಋಣಕ್ಕೆ ಕಟ್ಟುವ ಬಡ್ಡಿ, ಅಸಲು ತೀರುವಂಥದಲ್ಲ.

ಪ್ರಬಂಧಕ್ಕೂ ರೋಗಿಯ ಕೈಗೆ ಬರುವ ವರದಿಗೂ ಇರುವ ಅಂತರವನ್ನು ನಾವು ಸಾಮಾನ್ಯವಾಗಿ ಹಣದ ಅಂತರವೆಂದು ತಿಳಿಯುತ್ತೇವೆ. ನನಗೆ ತೋರುವಂತೆ ಅದು ಹೊಣೆಯ ಅಂತರ. ಪ್ರಬಂಧ ಬರೆದವರು ಕೊನೆಯಲ್ಲಿ ‘ಇನ್ನಷ್ಟು ಅಧ್ಯಯನ ಅಗತ್ಯ’ ಎಂಬ ಸಾಲಿನಡಿ ಆಶ್ರಯ ಪಡೆಯಬಹುದು, ಓದುವವರೂ ಅವರಷ್ಟೇ ಬಲ್ಲವರು, ಜಗಳ ತೆಗೆಯಬಲ್ಲವರು. ವರದಿ ಓದುವವಳಿಗೆ ಆ ಬಲವಿಲ್ಲ. ಅವಳು ಕೊನೆಯ ಸಾಲಿಗೆ ಬೆರಳಿಟ್ಟು ವೈದ್ಯರ ಮುಖ ನೋಡುತ್ತಾಳೆ. ಪ್ರಯೋಗಾಲಯದ ಬಾಗಿಲು ದಾಟಿ ಪೇಟೆಗೆ ಬಂದ ವಿಜ್ಞಾನಿ ಒಂದು ಆಶ್ರಯವನ್ನು ಕಳೆದುಕೊಂಡೇ ಬರುತ್ತಾಳೆ.

ಬೆಂಗಳೂರಿನವರೇ ಆದ ಗೀತಾ ಮಂಜುನಾಥ್ ಬಂದ ದಾರಿ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಪಡೆದು, ಎಚ್‌ಪಿ ಮತ್ತು ಜೆರಾಕ್ಸ್ ಸಂಶೋಧನಾಲಯಗಳಲ್ಲಿ ದುಡಿದ ಗಣಕವಿಜ್ಞಾನಿ ಅವರು. ತಮ್ಮ ಬಂಧುಬಳಗದಲ್ಲೇ ಇನ್ನೂ ಎಳೆಯ ಪ್ರಾಯದವರಿಗೆ ಸ್ತನ ಕ್ಯಾನ್ಸರ್ ಬಂದದ್ದನ್ನು ಕಂಡು, 2016ರಲ್ಲಿ ನಿರಾಮಯ್ ಎಂಬ ನವೋದ್ಯಮ ಶುರುಮಾಡಿದರು. ಎಳೆಯ ಪ್ರಾಯದ ದಟ್ಟ ಅಂಗಾಂಶದಲ್ಲಿ ಮ್ಯಾಮೊಗ್ರಾಮಿಗೆ ಗಡ್ಡೆ ಸುಲಭವಾಗಿ ಕಾಣದು. ಅದೂ ಬಿಳಿ, ಸುತ್ತಲೂ ಬಿಳಿ. ಮೈಯ ಶಾಖವನ್ನು ಕ್ಯಾಮೆರಾ ದೂರದಿಂದಲೇ ಗ್ರಹಿಸಿ, ಆ ಚಿತ್ರವನ್ನು ಕೃತಕ ಬುದ್ಧಿಮತ್ತೆ ಓದುವ ಅವರ ವಿಧಾನದಲ್ಲಿ ಯಾರೂ ಮುಟ್ಟುವುದಿಲ್ಲ, ತಪಾಸಣೆ ಮಾಡುವವರು ನೋಡುವುದೂ ಇಲ್ಲ. ಶಾಖಚಿತ್ರಣ ಮ್ಯಾಮೊಗ್ರಾಮಿಗೆ ಬದಲಿಯಲ್ಲವೆಂದು ಅಮೆರಿಕದ ಎಫ್‌ಡಿಎ ಮತ್ತೆ ಮತ್ತೆ ಎಚ್ಚರಿಸಿರುವುದನ್ನೂ ಇಲ್ಲೇ ಹೇಳಬೇಕು. ಈ ದಾರಿಯ ಪ್ರತಿ ಹೆಜ್ಜೆಗೂ ಪುರಾವೆ ಕೇಳುವುದು ನ್ಯಾಯ. ಆದರೂ ನಾಚಿಕೆಯನ್ನು ಹೆಂಗಸರ ಅಜ್ಞಾನವೆಂದು ಗದರದೆ, ಉಪಕರಣ ಬಗೆಹರಿಸಬೇಕಾದ ಸಮಸ್ಯೆಯೆಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಹಳ್ಳಿಯ ಶಿಬಿರದಲ್ಲಿ ಸೆರಗು ಬಿಗಿಹಿಡಿದು ವಾಪಸಾದವಳ ತಪ್ಪೆಂದೇ ನಾವು ಇಷ್ಟು ದಿನ ಬರೆದುಕೊಂಡಿರಲಿಲ್ಲವೆ?

ಇದನ್ನೆಲ್ಲ ತಾಯ್ತನದ ಕರುಣೆ ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆಯ ಮೇಲೆ ನನಗೆ ಅನುಮಾನ. ಐದು ಪ್ರೋಟೀನುಗಳನ್ನು ಆರಿಸಿದ್ದು ಕರುಣೆಯಲ್ಲ, ಬುದ್ಧಿ ಮತ್ತು ವರ್ಷಗಳ ಶ್ರಮ. ಹೊಗಳಿಕೆಯಲ್ಲಿ ಹೀಗೆ ಹೆಣ್ಣಿಗೇ ಮೀಸಲಾದ ಪಾಲಿರುವಂತೆ ನಿಂದೆಯಲ್ಲೂ ಇದೆ. ಎಲಿಜಬೆತ್ ಹೋಮ್ಸ್ 2003ರಲ್ಲಿ ಕಟ್ಟಿದ ಥೆರನೋಸ್ ಕಂಪನಿ, ಬೆರಳ ತುದಿಯ ಕೆಲವು ಹನಿ ರಕ್ತದಿಂದ ಹತ್ತಾರು ಪರೀಕ್ಷೆ ಮಾಡುತ್ತೇವೆಂದು ಹೇಳಿ ಕುಸಿದ ಮೇಲೆ, ಅಮೆರಿಕದಲ್ಲಿ ರೋಗಪರೀಕ್ಷೆಯ ಉದ್ಯಮಕ್ಕಿಳಿದ ಮಹಿಳೆಯರು ಆ ಹೋಲಿಕೆಯನ್ನು ಹೊತ್ತುಕೊಂಡೇ ಬಂಡವಾಳಗಾರರ ಮುಂದೆ ಕೂರಬೇಕಾಯಿತು. ಗಂಡಸೊಬ್ಬ ಮೋಸ ಮಾಡಿದರೆ ಆ ಲೆಕ್ಕ ಗಂಡು ಕುಲಕ್ಕೆಲ್ಲ ಹೋಗುವುದುಂಟೆ?

ಹೋಮ್ಸ್ ಮೇಲೆ ನಡೆದ ವಂಚನೆಯ ಮೊಕದ್ದಮೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಒಂದು ಸಂಗತಿ. 2022ರ ಜನವರಿಯಲ್ಲಿ ಜ್ಯೂರಿ ಹೋಮ್ಸ್ ಅವರನ್ನು ಅಪರಾಧಿಯೆಂದದ್ದು ಹೂಡಿಕೆದಾರರನ್ನು ವಂಚಿಸಿದ ಆರೋಪಗಳಲ್ಲಿ. ರೋಗಿಗಳನ್ನು ವಂಚಿಸಿದ ಆರೋಪಗಳು ಸಾಬೀತಾಗಲಿಲ್ಲ. ಸಾಕ್ಷ್ಯದ ನಿಯಮಗಳಿಗೆ ಅವುಗಳದೇ ತರ್ಕವಿದ್ದೀತು. ಆದರೆ ಡಾಲರು ಕಳೆದುಕೊಂಡವನ ನಷ್ಟ ಕಾಗದದಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ತಪ್ಪು ವರದಿ ಹಿಡಿದು ಕೆಲವು ವಾರ ನಿದ್ದೆಗೆಟ್ಟವಳ ನಷ್ಟಕ್ಕೆ ರಸೀದಿ ಎಲ್ಲಿಂದ ತರುವುದು?

ಹೂಡಿಕೆಯ ಹಣಕ್ಕೆ ಆತುರ ಹೆಚ್ಚು. ಐದು ವರ್ಷದ ಮಾತು ನಿಜವೋ ಸುಳ್ಳೋ ಎಂದು ತಿಳಿಯಲು ಐದು ವರ್ಷ ಬೇಕೇ ಬೇಕು. ಅಷ್ಟರಲ್ಲಿ ಬಂಡವಾಳಗಾರರಿಗೆ ಎಷ್ಟೋ ಸಲ ಲೆಕ್ಕ ಒಪ್ಪಿಸಬೇಕಾಗಿರುತ್ತದೆ. ಈ ಎರಡು ಕಾಲಗಳ ನಡುವೆ ನಿಂತು, ತಮ್ಮ ಫಲಿತಾಂಶಗಳನ್ನು ಬೇರೆಯವರು ತಿರುವಿಹಾಕಿ ನೋಡುವಂತೆ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟಿಸುತ್ತ ಹೋಗುವ ಕಂಪನಿಯನ್ನು ನಾನು ನಂಬಲು ಸಿದ್ಧ, ಗುಟ್ಟೆಂದು ಮುಚ್ಚಿಡುವುದನ್ನಲ್ಲ. ಥೆರನೋಸ್ ವರ್ಷಗಟ್ಟಲೆ ಗುಟ್ಟನ್ನೇ ಮಾರಿತು. ಆಂಕೋಸ್ಟೆಮ್ ತನ್ನ ಪರೀಕ್ಷೆಯ ಅಧ್ಯಯನಗಳನ್ನು ಪ್ರಕಟಿಸಿದೆ, ಒಪ್ಪದವರು ವಾದಿಸಲಿ.

ಎಷ್ಟು ಪ್ರಕಟಿಸಿದರೂ ಒಂದು ಕೆಲಸ ಉಳಿಯುತ್ತದೆ. ಅಪಾಯ ಕಡಿಮೆ ಎಂದರೆ ಅಪಾಯ ಇಲ್ಲವೆಂದಲ್ಲ; ಕಡಿಮೆ ಎಂದು ಬಂದವರಲ್ಲೂ ಕೆಲವರಿಗೆ ರೋಗ ಮರಳುತ್ತದೆ. ಇದನ್ನು ಹೆದರಿಸದೆ, ಸುಳ್ಳು ಭರವಸೆಯನ್ನೂ ಕೊಡದೆ, ವರದಿ ಹಿಡಿದವಳಿಗೆ ಅವಳ ಮಾತಿನಲ್ಲೇ ಹೇಳಿ, ನಿರ್ಧಾರದಲ್ಲಿ ಅವಳಿಗೂ ಪಾಲು ಕೊಡುವವರು ಯಾರು? ಹೊರಗೆ ಅರವತ್ತು ಜನ ಚೀಟಿ ಹಿಡಿದು ಕಾಯುತ್ತಿರುವಾಗ ಕ್ಯಾನ್ಸರ್ ವೈದ್ಯರಿಗೆ ಒಬ್ಬಳಿಗಾಗಿ ಸಿಗುವುದು ಹತ್ತು ನಿಮಿಷವೂ ಅಲ್ಲ. ವರದಿಯ ಜೊತೆಗೆ ಆ ಹೊತ್ತನ್ನೂ ಒದಗಿಸುವ ಬಗೆಯನ್ನು ನಮ್ಮ ಆಸ್ಪತ್ರೆಗಳು ಇನ್ನೂ ಕಂಡುಕೊಳ್ಳಬೇಕಾಗಿದೆ.